ಶಾಂತವೇರಿ ಗೋಪಾಲಗೌಡರ ಚುನಾವಣೆಗಳು

ನಮ್ಮ ದೊಡ್ಡಬಳ್ಳಾಪುರದಂಥ ಊರಿನಲ್ಲಿ ನಗರಸಭೆಯ ಅಧ್ಯಕ್ಷರಾಗಬೇಕೆನ್ನುವವರು ಮೊದಲು ಒಂದು ವಾರ್ಡಿನಿಂದ ಸದಸ್ಯರಾಗಿ ಗೆದ್ದು ಬರಬೇಕು. ಅಧ್ಯಕ್ಷರನ್ನು ಆರಿಸುವವರು ಸದಸ್ಯರೇ ಹೊರತು ಮತದಾರರಲ್ಲ. ಹಿಂದೊಂದು ಚುನಾವಣೆಯಲ್ಲಿ ನಮ್ಮ ತಂದೆಯವರು ನೆರೆಹೊರೆಯವರ ಒತ್ತಾಯಕ್ಕೆ ಕಟ್ಟುಬಿದ್ದು ಈ ಮೊದಲ ಮೆಟ್ಟಿಲನ್ನು ಏರಲು ಹೊರಟರು. ನಮ್ಮದು ಎರಡು ಮಗ್ಗಗಳ ಮನೆ. ಕರಪತ್ರ ಹಂಚುವ ಕೆಲಸ ನನ್ನ ಪಾಲಿಗೆ ಬಂದಿತು. ಒಂದು ಮನೆಯಲ್ಲಿ ವೃದ್ಧರೊಬ್ಬರು ಕರಪತ್ರವನ್ನು ಪೂರ್ತಿಯಾಗಿ ಓದಿ, ನನಗೆ ಕುಡಿಯಲು ಮಜ್ಜಿಗೆ ಕೊಟ್ಟು, ನಿಮ್ಮಪ್ಪ ಎಷ್ಟು ಕೊಡುತ್ತಾರಪ್ಪ ಎಂದು ಮೆಲ್ಲಗೆ ಕೇಳಿದರು. ಅವರು ಕೆಟ್ಟವರೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ತಂದೆಯವರು ಸೋತರು. ತಾಯಿಯ ಸರವೊಂದು ಗಿರವಿ ಅಂಗಡಿಯಲ್ಲಿ ಉಳಿಯಿತು.

ಈ ಸಂಗತಿಯನ್ನು ನಾನು ನಮ್ಮ ಉಪನ್ಯಾಸಕರೊಬ್ಬರಲ್ಲಿ ಹೇಳಿಕೊಂಡಾಗ, ಓಟು ಕೇಳಲು ಹೋಗಿ ಮತದಾರರಿಂದಲೇ ಹಣ ಪಡೆಯುತ್ತಿದ್ದ ಒಬ್ಬರು ಮಲೆನಾಡಿನಲ್ಲಿದ್ದರು, ಅವರ ವಿಷಯ ಓದು ಎಂದರು. ಹೀಗೆ ನನಗೆ ಶಾಂತವೇರಿ ಗೋಪಾಲಗೌಡರ ಪರಿಚಯವಾಯಿತು.

ಗೋಪಾಲಗೌಡರು ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿಯವರು. 1923ರ ಮಾರ್ಚ್ 14ರಂದು ಬಡ ಕುಟುಂಬವೊಂದರಲ್ಲಿ ಹುಟ್ಟಿದರು. 1942ರ ಚಳವಳಿ ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ. ಅದರಲ್ಲಿ ಸೇರಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದಲ್ಲಿದ್ದ ಪಕ್ಷಕ್ಕೆ ಹೋಗದೆ ಸಮಾಜವಾದಿಗಳ ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಅವರಿಗೆ ಗುರುಸ್ಥಾನದಲ್ಲಿದ್ದರು.

ಗೌಡರನ್ನು ನಾಡಿನ ಕಣ್ಣಿಗೆ ತಂದದ್ದು ಕಾಗೋಡು. ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಭೂಮಾಲಿಕರು ಗೇಣಿ ಭತ್ತವನ್ನು ದೊಡ್ಡ ಕೊಳಗದಿಂದ ಅಳೆದುಕೊಳ್ಳುತ್ತಿದ್ದರು. ಸಾಲ ಕೊಡುವಾಗ ಒಂದು ಅಳತೆ, ಗೇಣಿ ಪಡೆಯುವಾಗ ಇನ್ನೊಂದು ಅಳತೆ ಎಂದರೆ ಬಡವನ ಕಣಜದಲ್ಲಿ ಉಳಿಯುವುದೇನು? ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಗೇಣಿದಾರರು ಇದನ್ನು ಪ್ರಶ್ನಿಸಿದರು. ಭೂಮಾಲಿಕರು ಅವರಿಗೆ ಭೂಮಿಯನ್ನೇ ಕೊಡುವುದಿಲ್ಲವೆಂದರು. 1951ರ ಏಪ್ರಿಲ್‌ನಲ್ಲಿ ಅವರು ನೇಗಿಲು ಹಿಡಿದು ಗದ್ದೆಗೆ ಇಳಿದು ದಸ್ತಗಿರಿಯಾದರು. ಸಮಾಜವಾದಿಗಳು ಬೆಂಬಲಕ್ಕೆ ಬಂದರು. ಗೋಪಾಲಗೌಡರು ಆ ಹೋರಾಟದ ಮುಂಚೂಣಿಗೆ ಬಂದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಬಂಧಿತರಾದರು. ಅಳತೆಯ ಪಾತ್ರೆಯಿಂದ ಹುಟ್ಟಿದ ಜಗಳವು ನೆಲ ಯಾರದೆಂಬ ಪ್ರಶ್ನೆಯಾಗಿ ಬೆಳೆದುದನ್ನು ಓದುವಾಗ ನನಗೆ ಮೈ ನವಿರೆದ್ದಿತು.

ಇದಾದ ಕೆಲವೇ ತಿಂಗಳಲ್ಲಿ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ ಬಂದಿತು. ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರಿಗೂ ಓಟು. ಈಗಿನ ಯಂತ್ರಗಳಾಗಲಿ, ಒಂದೇ ಚೀಟಿಯಲ್ಲಿ ಎಲ್ಲರ ಹೆಸರಾಗಲಿ ಆಗ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೊಂದು ಚಿಹ್ನೆ. ಕಾಂಗ್ರೆಸ್ಸಿನ ಪೆಟ್ಟಿಗೆಗೆ ಜೋಡೆತ್ತು, ಸಮಾಜವಾದಿಗಳ ಪೆಟ್ಟಿಗೆಗೆ ಮರ. ಓದುಬರಹ ಬಾರದ ಗೇಣಿದಾರನು ಪರದೆಯ ಹಿಂದೆ ಹೋಗಿ, ಧಣಿಗಳ ಕಣ್ಣು ತಪ್ಪಿ, ತನ್ನ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಬಹುದಾಗಿತ್ತು. ಒಡೆಯನ ಓಟೂ ಒಂದೇ, ಒಕ್ಕಲಿನ ಓಟೂ ಒಂದೇ. ಇಲ್ಲಿ ಮಾತ್ರ ಎರಡು ಕೊಳಗಗಳಿರಲಿಲ್ಲ.

ಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ನಿಂತರು. ವಿಧಾನಸಭೆಗೆ ನಿಲ್ಲುವ ಸಾಮಾನ್ಯ ಅಭ್ಯರ್ಥಿ ಇಡಬೇಕಾಗಿದ್ದ ಠೇವಣಿಯೇ 250 ರೂಪಾಯಿ. ಕೈಯಲ್ಲಿ ಹಣವಿಲ್ಲದವನಿಗೆ ಅದೊಂದು ಬೆಟ್ಟ. ಅವರ ಹೆಸರಿನೊಡನೆ ಇಂದಿಗೂ ಜನ ನೆನೆಯುವ ಮಾತೆಂದರೆ, ಓಟಿನ ಜೊತೆಗೆ ಒಂದು ನೋಟನ್ನೂ ಕೊಡಿ ಎಂಬುದು. ಒಂದು ರೂಪಾಯಿಯೆಂದರೆ ಆ ಕಾಲದ ಕೂಲಿಯವನಿಗೆ ಸಣ್ಣ ಮೊತ್ತವಲ್ಲ. ಕೊಟ್ಟವನು ಆ ರೂಪಾಯಿಯನ್ನು ಮರೆಯಲಾರ; ಸಭೆಯಲ್ಲಿ ನೀವು ಏನು ಮಾಡಿದಿರಿ ಎಂದು ಕೇಳಲು ಅವನಿಗೆ ಬಾಯಿ ಬರುತ್ತದೆ. ಪಡೆದವನೂ ಬೇರೊಬ್ಬ ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಮಜ್ಜಿಗೆ ಕೊಟ್ಟ ಆ ವೃದ್ಧರ ಪ್ರಶ್ನೆ ಇಲ್ಲಿ ಪೂರ್ತಿಯಾಗಿ ತಿರುಗಿ ನಿಂತಿರುವುದನ್ನು ಕಂಡು ನಾನು ಪುಸ್ತಕವನ್ನು ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಗೌಡರು ಗೆದ್ದರು. 99 ಸದಸ್ಯರ ಮೈಸೂರು ವಿಧಾನಸಭೆಯಲ್ಲಿ ಸಮಾಜವಾದಿಗಳು ಬೆರಳೆಣಿಕೆಯಷ್ಟು ಮಂದಿ. ಆದರೂ ಗೇಣಿದಾರರ ಪರವಾಗಿ ಅವರೆತ್ತಿದ ದನಿ ಸದನವನ್ನು ತುಂಬುತ್ತಿತ್ತೆಂದು ಕೇಳಿದವರು ಬರೆದಿಟ್ಟಿದ್ದಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಬಹಳ ಸುಲಭವಾಗಿಬಿಡುತ್ತದೆ. 1957ರ ಚುನಾವಣೆಯಲ್ಲಿ ಇದೇ ಗೋಪಾಲಗೌಡರು ಸೋತರು. ಪ್ರಾಮಾಣಿಕತೆಗೆ ಜನರು ಪ್ರತಿ ಸಲವೂ ಓಟು ಕೊಡುತ್ತಾರೆಂದು ತಿಳಿಯುವುದು ಭ್ರಮೆಯೇ ಸರಿ. ಸೋತ ಆ ಐದು ವರ್ಷಗಳ ಬಗ್ಗೆಯೇ ನನಗೆ ಹೆಚ್ಚು ಕುತೂಹಲ. ಸ್ಥಾನವಿಲ್ಲ, ಸಂಬಳವಿಲ್ಲ. ಆದರೂ ಅವರು ಪಕ್ಷ ಬದಲಿಸಲಿಲ್ಲ, ಗೆದ್ದವರ ಬಾಗಿಲಿಗೆ ಹೋಗಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ನಿಂತು ಗೆದ್ದರು. 1967ರಲ್ಲಿ ಮತ್ತೆ ಗೆದ್ದರು. ಆ ವರ್ಷವೇ ಅವರ ಒಡನಾಡಿಗಳಾದ ಎಸ್. ಬಂಗಾರಪ್ಪನವರು ವಿಧಾನಸಭೆಗೂ, ಜೆ. ಎಚ್. ಪಟೇಲರು ಲೋಕಸಭೆಗೂ ಆರಿಸಿ ಹೋದರು. ಇವರಿಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ಗೌಡರು ಮಾತ್ರ ಮಂತ್ರಿಯೂ ಆಗಲಿಲ್ಲ. ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನ ಹಿಂದೆ ಇರುವುದು ಇವರ ನೆರಳೇ. ಕಾದಂಬರಿಯನ್ನೇ ಚರಿತ್ರೆಯೆಂದು ಓದಬಾರದು, ನಿಜ. ನಾನಂತೂ ಹಾಗೆ ಓದಿಬಿಟ್ಟೆ.

ಕೊನೆಯ ವರ್ಷಗಳಲ್ಲಿ ಕಾಯಿಲೆ ಅವರನ್ನು ಹಣ್ಣುಮಾಡಿತು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬೇಕೆಂದು ಅವರು ಸದನದಲ್ಲಿ ವಾದಿಸಿದ್ದರು. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ. ಎರಡನ್ನೂ ನೋಡಲು ಅವರಿರಲಿಲ್ಲ.

ಇದನ್ನೆಲ್ಲ ನಾನು ಒಂದು ರಾತ್ರಿ, ಮಗ್ಗ ನಿಲ್ಲಿಸಿದ ಮೇಲೆ, ತಂದೆಯವರಿಗೆ ಓದಿ ಹೇಳಿದೆ. ಕಾಗೋಡಿನ ಕಥೆಯನ್ನು ಅವರು ಸುಮ್ಮನೆ ಕೇಳಿದರು. 1957ರ ಸೋಲಿಗೆ ಬಂದಾಗ ತಡೆದು, ಎಷ್ಟು ವರ್ಷದ ಮೇಲೆ ಮತ್ತೆ ನಿಂತರು ಎಂದು ಕೇಳಿದರು. ಐದು ಎಂದೆ. ತಾಯಿ ಒಳಗಿನಿಂದ, ಮೊದಲು ಸರ ಬಿಡಿಸಿಕೊಂಡು ಬರಲಿ ಎಂದರು. ತಂದೆಯವರು ನಕ್ಕು, ಮುಂದಿನ ಪುಟ ಓದು ಎಂದರು.