ನಾನು ಕಾಣದ ಮೇಷ್ಟ್ರು

ನಾವು ಓದುವಾಗ ಶಾಲೆಯ ಗ್ರಂಥಾಲಯವೆಂದರೆ ಎರಡು ಬೀರುಗಳಷ್ಟೆ. ಒಂಬತ್ತನೇ ತರಗತಿಯಲ್ಲಿ ಅಲ್ಲಿಂದ ನನ್ನ ಕೈಗೆ ಬಂದ ಪುಸ್ತಕ ‘ಹಸಿರು ಹೊನ್ನು’. ಸುವರ್ಣ ಮಹೋತ್ಸವದ ಸಂಚಿಕೆಗೆ ಗುರುಗಳ ಬಗ್ಗೆ ಬರೆಯಬೇಕೆಂದಾಗ ಅದರ ಲೇಖಕರಾದ ಡಾ. ಬಿ.ಜಿ.ಎಲ್. ಸ್ವಾಮಿಯವರೂ ನೆನಪಾದರು. ಅವರು 1980ರಲ್ಲೇ ತೀರಿಕೊಂಡವರು, ನಾನು ಹುಟ್ಟುವ ಮೊದಲೇ.

ಡಿ.ವಿ.ಜಿ.ಯವರ ಮಗನಾದ ಸ್ವಾಮಿ ಹುಟ್ಟಿದ್ದು 1918ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಪ್ರೊ. ಇರ್ವಿಂಗ್ ಬೈಲಿಯವರ ಬಳಿ ಸಂಶೋಧನೆ ಮಾಡಿದರು. ಮುಂದೆ ತಾವು ಗುರುತಿಸಿದ ಹೊಸ ಸಸ್ಯವೊಂದಕ್ಕೆ ಆ ಗುರುವಿನ ಹೆಸರನ್ನೇ ಸೇರಿಸಿ ‘ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ’ ಎಂದು ಕರೆದರು. ಇದಕ್ಕಿಂತ ಗುರುದಕ್ಷಿಣೆ ಬೇಕೆ?

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು, ಪ್ರಾಂಶುಪಾಲರೂ ಆದರು. ಅಂಥ ವಿದ್ವಾಂಸರು ಪ್ರಯೋಗಾಲಯದಲ್ಲೇ ಕುಳಿತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಹುಡುಗರನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಗಳನ್ನು ಹತ್ತಿದರು. ಎಲೆ, ಹೂ, ಕಾಯಿಗಳನ್ನು ಕೈಗೆ ಕೊಟ್ಟು ನೋಡಿಸಿದರು. ಗಿಡದ ಶಾಸ್ತ್ರೀಯ ಹೆಸರಿನ ಜೊತೆಗೆ ಜನ ಕರೆಯುವ ಹೆಸರು, ಬಳಕೆ, ಕಥೆ ಎಲ್ಲವೂ ಪಾಠದಲ್ಲಿ ಬರುತ್ತಿದ್ದವು. ಹುಡುಗರ ತುಂಟತನವೂ ಇತ್ತು, ಮೇಷ್ಟ್ರು ಅದರಲ್ಲಿ ಪಾಲುದಾರರು. ಈ ಅನುಭವವೇ ‘ಹಸಿರು ಹೊನ್ನು’. ಚಿತ್ರಗಳನ್ನೂ ತಾವೇ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಿದ ಮೇಲಂತೂ ನಮ್ಮ ಸಾರಿನ ಮೆಣಸಿನಕಾಯಿ, ಪಲ್ಯದ ಆಲೂಗಡ್ಡೆ ಎಷ್ಟು ದೂರದಿಂದ ಬಂದವೆಂದು ತಿಳಿದು ಬೆರಗಾಗಿದ್ದೆ.

ಅವರನ್ನು ಯಾರೂ ಪರಿಸರವಾದಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಆದರೆ ಗಿಡದ ಪರಿಚಯವೇ ಇಲ್ಲದವನು ಅದನ್ನು ಉಳಿಸುವುದು ಹೇಗೆ? ಇದು ನನಗೆ ಅರ್ಥವಾದದ್ದು ಈಚೆಗೆ. ಬೆಂಗಳೂರಿನಲ್ಲಿ ನಮ್ಮ ಮನೆಯ ಮುಂದಿನ ರಸ್ತೆ ಅಗಲಿಸಲು ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ಆಕ್ಷೇಪಣೆ ಬರೆಯಲು ಕುಳಿತರೆ ಆ ಮರಗಳ ಹೆಸರು ನಮ್ಮ ಕಟ್ಟಡದ ಒಬ್ಬರಿಗೂ ಗೊತ್ತಿಲ್ಲ! ಎಂಟು ವರ್ಷ ಅವುಗಳ ನೆರಳಲ್ಲೇ ಕಾರು ನಿಲ್ಲಿಸಿದವನು ನಾನು. ಅರ್ಜಿಯಲ್ಲಿ ‘ದೊಡ್ಡ ಮರ’ ಎಂದಷ್ಟೇ ಬರೆದೆ. ಒಂಬತ್ತನೇ ತರಗತಿಯಲ್ಲಿ ಓದಿದ್ದೆಲ್ಲ ಎಲ್ಲಿ ಹೋಯಿತೋ.

ಪುಸ್ತಕವನ್ನು ಮತ್ತೆ ಕೊಂಡು ತಂದಿದ್ದೇನೆ. ಭಾನುವಾರ ಬೆಳಿಗ್ಗೆ ಮಗಳೊಂದಿಗೆ ಎಲೆ ಹಿಡಿದು ನೋಡುತ್ತಾ ಹೋಗುತ್ತೇನೆ. ಒಂದು ಹೊಂಗೆ, ಎರಡು ಮಳೆಮರ ಎಂದು ತಿಳಿಯಿತು. ಮೂಲೆಯದು ಇನ್ನೂ ಗೊತ್ತಾಗಿಲ್ಲ, ಹೂ ಬಿಡಲಿ ಎಂದು ಕಾಯುತ್ತಿದ್ದೇವೆ.