ಸಂಬಳವಿಲ್ಲದ ಪ್ರಾಧ್ಯಾಪಕ ವಿಲಾರ್ಡ್ ಗಿಬ್ಸ್

ಮಕ್ಕಳೇ, ಕಲಬುರಗಿಯ ಬೇಸಿಗೆಯಲ್ಲಿ ಲಿಂಬು ಶರಬತ್ತಿಗೆ ಹಾಕಿದ ಮಂಜುಗಡ್ಡೆ ಎಷ್ಟು ಹೊತ್ತು ಉಳಿದೀತು? ಸ್ವಲ್ಪ ಹೊತ್ತು ಲೋಟದಲ್ಲಿ ಘನವೂ ಇರುತ್ತದೆ, ದ್ರವವೂ ಇರುತ್ತದೆ. ಇಂತಹ ಒಂದೊಂದು ರೂಪಕ್ಕೂ ವಿಜ್ಞಾನದಲ್ಲಿ ಪ್ರಾವಸ್ಥೆ ಎಂದು ಹೆಸರು. ಎಷ್ಟು ಪ್ರಾವಸ್ಥೆಗಳು ಸಮತೋಲದಲ್ಲಿ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ನಿಯಮ ಕೊಟ್ಟವರು ಅಮೆರಿಕದ ಜೋಸಯ್ಯ ವಿಲಾರ್ಡ್ ಗಿಬ್ಸ್.

ಗಿಬ್ಸ್ ಜನಿಸಿದ್ದು 1839ರ ಫೆಬ್ರುವರಿ 11ರಂದು, ನ್ಯೂ ಹೇವನ್ ಊರಿನಲ್ಲಿ. ತಂದೆ ಅಲ್ಲಿನ ಯೇಲ್ ಕಾಲೇಜಿನಲ್ಲಿ ಭಾಷಾ ಪಂಡಿತರು. ಅದೇ ವರ್ಷ, ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದಿದ್ದವರನ್ನು ಆ ಊರಿನ ಜೈಲಿನಲ್ಲಿ ಇಟ್ಟಿದ್ದರು. ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಈ ಪಂಡಿತರು ಅವರಿಂದ ಹತ್ತರವರೆಗೆ ಎಣಿಕೆ ಕಲಿತರು. ನ್ಯೂಯಾರ್ಕ್ ಬಂದರಿನಲ್ಲಿ ಅದನ್ನೇ ಗಟ್ಟಿಯಾಗಿ ಹೇಳುತ್ತಾ ತಿರುಗಿ, ಆ ಭಾಷೆ ಬಲ್ಲ ನಾವಿಕನನ್ನು ಹುಡುಕಿ ತಂದರು! 1841ರಲ್ಲಿ ನ್ಯಾಯಾಲಯ ಅವರಿಗೆ ಬಿಡುಗಡೆ ನೀಡಿತು.

ಮಗ ವಿಲಾರ್ಡ್ ಮಿತಭಾಷಿ. ಹಲ್ಲುಚಕ್ರಗಳ ಬಗ್ಗೆ ಪ್ರಬಂಧ ಬರೆದು 1863ರಲ್ಲಿ ಡಾಕ್ಟರೇಟ್ ಪಡೆದರು. ರೈಲಿಗೆ ಹೊಸ ಬಗೆಯ ಬ್ರೇಕನ್ನೂ ರೂಪಿಸಿದರು. ಯೂರೋಪಿನಲ್ಲಿ ಮೂರು ವರ್ಷ ಕಲಿತು ಬಂದು, 1871ರಲ್ಲಿ ಯೇಲ್‌ನಲ್ಲಿ ಪ್ರಾಧ್ಯಾಪಕರಾದರು. ಆದರೆ ಸಂಬಳ ಮಾತ್ರ ಇಲ್ಲ! ಒಂಬತ್ತು ವರ್ಷ ತಂದೆಯ ಆಸ್ತಿಯಿಂದಲೇ ಜೀವನ ನಡೆಯಿತು.

ಅವರ ಮಹತ್ವದ ಲೇಖನ ಬಂದದ್ದು ಈ ಸಂಬಳವಿಲ್ಲದ ಕಾಲದಲ್ಲೇ. 1876 ಮತ್ತು 1878ರಲ್ಲಿ ಎರಡು ಭಾಗವಾಗಿ, ಸುಮಾರು 300 ಪುಟ. ಅಚ್ಚಾದದ್ದು ಸಣ್ಣ ಪತ್ರಿಕೆಯಲ್ಲಿ, ಗಣಿತವೋ ಕಠಿಣ. ಓದಿ ಮೆಚ್ಚಿದ ಕೆಲವರಲ್ಲಿ ಬ್ರಿಟನ್ನಿನ ಮ್ಯಾಕ್ಸ್‌ವೆಲ್ ಒಬ್ಬರು. ಅವರು ಗಿಬ್ಸ್‌ರ ಹಿಂದಿನ ಲೇಖನವೊಂದನ್ನು ಓದಿ, ಸ್ವತಃ ಪ್ಲಾಸ್ಟರಿನ ಮಾದರಿ ಮಾಡಿ ಕಳಿಸಿದ್ದರು. ಆದರೆ 1879ರಲ್ಲಿ ಅವರೂ ತೀರಿಕೊಂಡರು. 1880ರಲ್ಲಿ ಬೇರೆ ವಿಶ್ವವಿದ್ಯಾಲಯ 3000 ಡಾಲರ್ ಕೊಟ್ಟು ಕರೆದಾಗ ಯೇಲ್ ಎಚ್ಚೆತ್ತು 2000 ಡಾಲರ್ ಕೊಡಲೊಪ್ಪಿತು. ಗಿಬ್ಸ್ ಕಡಿಮೆಗೇ ಒಪ್ಪಿ ಅಲ್ಲೇ ಉಳಿದರು.

1892ರಲ್ಲಿ ಆಸ್ಟ್‌ವಾಲ್ಡ್ ಆ ಲೇಖನವನ್ನು ಜರ್ಮನ್ ಭಾಷೆಗೆ ತಂದರು. ಹಾಲೆಂಡಿನ ರೋಜೆಬೂಮ್ 1900ರಲ್ಲಿ ಗಿಬ್ಸ್ ನಿಯಮವನ್ನು ಕಬ್ಬಿಣ ಮತ್ತು ಇಂಗಾಲದ ಬೆರಕೆಗೆ, ಅಂದರೆ ಉಕ್ಕಿಗೆ ಅನ್ವಯಿಸಿದರು. 1901ರಲ್ಲಿ ಗಿಬ್ಸ್‌ಗೆ ಲಂಡನ್ನಿನ ಕಾಪ್ಲಿ ಪದಕ ಬಂತು. 1903ರ ಏಪ್ರಿಲ್ 28ರಂದು, ಅದೇ ಊರಿನಲ್ಲಿ ನಿಧನರಾದರು.

ಕಲಬುರಗಿಯಿಂದ ಕೆಂಪು ಬಾಳೆಯ ಕಮಲಾಪುರ ದಾಟಿ ಮುಂದೆ ಹೋದರೆ ಬೀದರ್. ಅಲ್ಲಿನ ಬಿದರಿ ಪಾತ್ರೆಯೂ ಮಿಶ್ರಲೋಹವೇ: ಸತು ಹೆಚ್ಚು, ತಾಮ್ರ ಸ್ವಲ್ಪ. ಎಷ್ಟು ಬೆರೆಸಬೇಕೆಂದು ಕುಶಲಕರ್ಮಿಗಳು ಅನುಭವದಿಂದ ಬಲ್ಲರು. ವಿಜ್ಞಾನಿಗಳು ನಕ್ಷೆ ನೋಡುತ್ತಾರೆ. ಈ ಪ್ರಾವಸ್ಥಾ ನಕ್ಷೆಯಲ್ಲಿ ಅಡ್ಡಕ್ಕೆ ಬೆರಕೆಯ ಪ್ರಮಾಣ, ಮೇಲಕ್ಕೆ ಉಷ್ಣತೆ.

ಹಳೆಯ ರೂಪಾಯಿ ನಾಣ್ಯಗಳಲ್ಲಿದ್ದ ತಾಮ್ರ ಮತ್ತು ನಿಕ್ಕಲ್ ತೆಗೆದುಕೊಳ್ಳಿ. ನೂರು ಭಾಗದಲ್ಲಿ 35 ಭಾಗ ನಿಕ್ಕಲ್ ಇರುವ ಬೆರಕೆ 1250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಬಲಿಯಂತೆ ಅರ್ಧಂಬರ್ಧ ಕರಗಿರುತ್ತದೆ. ನಕ್ಷೆಯ ಪ್ರಕಾರ ಆಗ ದ್ರವದಲ್ಲಿ ನಿಕ್ಕಲ್ ಸುಮಾರು 32, ಘನದಲ್ಲಿ ಸುಮಾರು 43. ಹಾಗಾದರೆ ದ್ರವವೆಷ್ಟು, ಘನವೆಷ್ಟು? ಏರಿಳಿಯುವ ಹಲಗೆಯ ಆಟ ನೆನೆಯಿರಿ. ಭಾರದವನು ನಡುವಿಗೆ ಹತ್ತಿರ ಕೂಡಬೇಕು, ಹಗುರದವನು ದೂರ. 35ರಲ್ಲಿ ಆಧಾರ ಇಡಿ. ದ್ರವ 3 ಹೆಜ್ಜೆ ದೂರ, ಘನ 8 ಹೆಜ್ಜೆ ದೂರ. ಆದ್ದರಿಂದ 11 ಕಿಲೋ ಬೆರಕೆಯಲ್ಲಿ ದ್ರವ 8 ಕಿಲೋ, ಘನ 3 ಕಿಲೋ. ಇದೇ ಸನ್ನೆ ನಿಯಮ. ತಾಳೆ ನೋಡಿ: 8×32 ಮತ್ತು 3×43 ಕೂಡಿಸಿದರೆ 385, 11×35 ಕೂಡ 385.

ಅದೇ ಉಷ್ಣತೆಯಲ್ಲಿ ನಿಕ್ಕಲ್ 40 ಭಾಗ ಇದ್ದರೆ? ಹಲಗೆ ಬರೆದು ನೀವೇ ಲೆಕ್ಕ ಹಾಕಿ.