ಗಂಗಾಮೂಲದಿಂದ ಕೇಡಗಾಂವಿಗೆ: ಪಂಡಿತಾ ರಮಾಬಾಯಿ

ಪುಣೆಯಿಂದ ಕಲಬುರಗಿಯ ಕಡೆಗೆ ರೈಲಿನಲ್ಲಿ ಪ್ರಯಾಣಿಸುವ ನಮ್ಮವರು ದೌಂಡ್ ಬರುವ ಮುನ್ನ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ದಾಟುತ್ತಾರೆ. ಆ ಊರಿನಲ್ಲಿ ನಿರ್ಗತಿಕ ಹೆಣ್ಣುಮಕ್ಕಳಿಗಾಗಿ ಶಾಲೆ ಕಟ್ಟಿದ ಪಂಡಿತಾ ರಮಾಬಾಯಿ ಜನಿಸಿದ್ದು ಕನ್ನಡ ನೆಲದಲ್ಲಿ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಆಕ್ಷೇಪಗಳೆದ್ದಾಗ, ಉಡುಪಿಯ ಪಂಡಿತರ ಮುಂದೆ ಶಾಸ್ತ್ರಾಧಾರಗಳನ್ನೊದಗಿಸಿ ತಮ್ಮ ನಿಲುವನ್ನು ಸಮರ್ಥಿಸಿಕೊಂಡವರು. ಅವರು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದ್ದಾಗ, 1858ರ ಏಪ್ರಿಲ್ 23ರಂದು ರಮಾಬಾಯಿಯವರ ಜನನವಾಯಿತು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಮಗಳಿಗೆ ಪಾಠ ಹೇಳಿದವಳು ತಾಯಿ, ಪಾಠಶಾಲೆ, ದಾರಿ. ಹನ್ನೆರಡರ ಪ್ರಾಯದಲ್ಲಿಯೇ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆಕೆಗೆ ಕಂಠಸ್ಥವಾಗಿದ್ದವು.

ಕ್ಷಾಮಕಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಅಳಿದರು. ಉಳಿದ ಅಣ್ಣ ಶ್ರೀನಿವಾಸನೊಡನೆ ರಮಾಬಾಯಿ ಸಾವಿರಾರು ಮೈಲಿ ನಡೆದರು. ಝೇಲಂ ನದಿಯ ದಡದಲ್ಲಿ ಹೊದಿಕೆಯಿಲ್ಲದೆ, ಮರಳಿನಲ್ಲಿ ಗುಂಡಿ ತೋಡಿ, ಒಣ ಮರಳನ್ನೇ ಮೈಮೇಲೆಳೆದುಕೊಂಡು ಚಳಿಯ ರಾತ್ರಿ ಕಳೆದರು. ಹೋದಲ್ಲೆಲ್ಲ ಬಾಲವಿಧವೆಯರ ದುರವಸ್ಥೆಯನ್ನು ಕಣ್ಣಾರೆ ಕಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಅನ್ಯಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರೊಡನೆ ವಿವಾಹವಾಯಿತು. 1882ರಲ್ಲಿ ಪತಿಯೂ ಕಾಲರಾಕ್ಕೆ ಬಲಿಯಾದಾಗ ಮಡಿಲಲ್ಲಿ ಎಳೆಯ ಮಗಳು ಮನೋರಮಾ ಇದ್ದಳು.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1886ರಲ್ಲಿ ಅಮೆರಿಕಾಕ್ಕೆ ತೆರಳಿ ಫ್ರೋಬೆಲ್ಲನ ಶಿಶುವಿಹಾರ ಪದ್ಧತಿಯನ್ನು ಅಭ್ಯಸಿಸಿದರು. ಬಾಯಿಪಾಠದಿಂದಲೇ ಬೆಳೆದ ವಿದುಷಿ, ಮಕ್ಕಳು ಕೈಯಿಂದ ಮಾಡಿ, ಆಡಿ ಕಲಿಯುವ ಕ್ರಮಕ್ಕೆ ಮಾರುಹೋದದ್ದು ನನಗಂತೂ ಅತ್ಯಂತ ಸ್ವಾರಸ್ಯಕರವೆನಿಸುತ್ತದೆ.

ಮರಳಿ ಬಂದು 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಇಬ್ಬರೇ ವಿದ್ಯಾರ್ಥಿನಿಯರೊಂದಿಗೆ ಶಾರದಾ ಸದನವನ್ನು ಆರಂಭಿಸಿದರು. ಅಲ್ಲಿ ಮೊದಲಿಗೆ ಸೇರಿದ ಬಾಲವಿಧವೆ ಗೋದೂಬಾಯಿ ಮುಂದೆ ಮಹರ್ಷಿ ಕರ್ವೆಯವರ ಪತ್ನಿಯಾದರು. ಮರುವರ್ಷ ಸದನ ಪುಣೆಗೆ ಬಂತು. ಮತದ ವಿಷಯದಲ್ಲಿ ತಟಸ್ಥವಾಗಿರುವುದಾಗಿ ಅದು ಮಾತು ಕೊಟ್ಟಿತ್ತು. ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕೂರತೊಡಗಿದಾಗ, 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದವರು ಸಲಹಾ ಮಂಡಳಿಯಿಂದ ಹೊರಬಂದರು. ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡರು. ಆ ಆಕ್ಷೇಪವನ್ನು ಬರಿಯ ಸಂಕುಚಿತತನವೆಂದು ತಳ್ಳಿಹಾಕಲಾಗದು.

ಶಾರದಾ ಸದನ ಬಹುಮಟ್ಟಿಗೆ ಮೇಲ್ಜಾತಿಯ ವಿಧವೆಯರದಾಗಿತ್ತು. 1896-97ರ ಕ್ಷಾಮ ಆ ಮೇರೆಯನ್ನು ಅಳಿಸಿತು. ಹಸಿವೆಂದರೇನೆಂದು ದಾರಿಯಲ್ಲಿ ಕಲಿತಿದ್ದ ರಮಾಬಾಯಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು, ಜಾತಿ ಕೇಳದೆ, ಕರೆತಂದರು. ಕೇಡಗಾಂವಿನ ಮುಕ್ತಿ ಸದನದಲ್ಲಿ ಓದುಬರಹದೊಡನೆ ನೇಯ್ಗೆ, ಎಣ್ಣೆಗಾಣ, ಹೈನುಗಾರಿಕೆ, ಮುದ್ರಣದ ಕೆಲಸಗಳೂ ಪಾಠವಾದವು. ಅಂಧ ಸ್ತ್ರೀಯರು ಬೆರಳಿನಿಂದ ಬ್ರೈಲ್ ಓದಿದರು.

ತಾಯಿಯ ನೆರಳಾಗಿದ್ದ ಮನೋರಮಾ ಕಲಬುರಗಿಯಲ್ಲಿ ಶಾಲೆಯೊಂದನ್ನು ನಡೆಸಿದರು. ಅವರು 1921ರ ಜುಲೈಯಲ್ಲಿ ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು, ಕೇಡಗಾಂವಿನಲ್ಲಿ ರಮಾಬಾಯಿಯವರೂ ಕಣ್ಮುಚ್ಚಿದರು.